ಹೊಸ ಜಾಯಿಂಟ್ ಕ್ರಾಸ್ ಸರಿಯಾಗಿ ಕೂರುತ್ತಿಲ್ಲ, ಕೂರಿಸಿದ ಮೇಲೆ ಜೀಪು ನಡುಗುತ್ತಿದೆ: ದೋಷ ಎಲ್ಲಿರಬಹುದು?

ತೋಟದ ಜೀಪು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹಿಂದಿನ ಚಕ್ರಗಳಿಗೆ ಚಾಲನೆ ಇರುವ ಹಳೆಯ ಡೀಸೆಲ್ ಜೀಪೊಂದಿದೆ. ಅಡಿಕೆ ಕೊನೆಗಳನ್ನು ತೋಟದಿಂದ ಅಂಗಳಕ್ಕೆ ಸಾಗಿಸುವುದರಿಂದ ಹಿಡಿದು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುವ ತನಕ ಎಲ್ಲದಕ್ಕೂ ಅದೊಂದೇ ಗಾಡಿ. ಮಳೆಗಾಲ ಕಳೆದ ಮೇಲೆ, ನಿಂತಲ್ಲಿಂದ ಹೊರಡುವಾಗಲೂ ರಿವರ್ಸ್‌ಗೆ ಹಾಕಿದಾಗಲೂ ಅಡಿಯಿಂದ ‘ಟಕ್’ ಎಂಬ ಸದ್ದು ಬರತೊಡಗಿತು. ಗೇರ್ ಪೆಟ್ಟಿಗೆಯಿಂದ ಹಿಂದಿನ ಚಕ್ರಗಳ ಕಡೆಗೆ ಚಾಲನೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಹಿಂಬದಿಯ ಜಾಯಿಂಟ್ ಕ್ರಾಸ್ (ನಾಲ್ಕು ತೋಳಿನ ತುದಿಗೂ ಒಂದೊಂದು ಬೇರಿಂಗ್ ಕಪ್ ಇರುವ ಕೀಲು) ಸವೆದಿದೆ ಎಂದು ಮೆಕ್ಯಾನಿಕ್ ಹೇಳಿದರು. ಕಪ್ ಬಿಚ್ಚಿದಾಗ ಸೂಜಿ ಬೇರಿಂಗುಗಳು ಕೆಂಪು ಪುಡಿಯ ಜೊತೆ ಉದುರಿದ್ದನ್ನು ನಾನೂ ನೋಡಿದ್ದರಿಂದ ಆ ಮಾತಿನಲ್ಲಿ ನನಗೆ ಸಂಶಯವಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಕಂಪನಿಯ ಭಾಗ ತರಿಸಲು ಸಮಯ ಹಿಡಿಯುತ್ತದೆ ಎಂಬ ಕಾರಣಕ್ಕೆ ಪೇಟೆಯಲ್ಲಿ ಸಿಕ್ಕ ಬೇರೆ ತಯಾರಿಕೆಯ ಕ್ರಾಸ್ ತಂದು ಹಾಕಿಸಿದೆವು. ನಾಲ್ಕು ಕಪ್ಪುಗಳ ಪೈಕಿ ಮೂರಕ್ಕೆ ಸರ್ಕ್ಲಿಪ್ (ಕಪ್ ಹೊರಬರದಂತೆ ತಡೆಯುವ ಸ್ಪ್ರಿಂಗ್ ಬಳೆ) ಸಲೀಸಾಗಿ ಕೂತಿತು, ಕೊನೆಯದಕ್ಕೆ ಮಾತ್ರ ಕ್ಲಿಪ್ ಕೂರುವ ತೋಡು ಕಾಣುವಷ್ಟೂ ಜಾಗ ಉಳಿಯಲಿಲ್ಲ. ಸುತ್ತಿಗೆಯಿಂದ ಎಷ್ಟು ಬಡಿದರೂ ಕಪ್ ಇನ್ನಷ್ಟು ಒಳಗೆ ಹೋಗದಿದ್ದಾಗ ಮೆಕ್ಯಾನಿಕ್ ಆ ಸರ್ಕ್ಲಿಪ್ಪನ್ನೇ ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡಿ ಕೂರಿಸಿದರು. ಈಗ ‘ಟಕ್’ ಸದ್ದು ಹೋಗಿದೆ, ಆದರೆ 45 ಕಿಲೋಮೀಟರ್ ವೇಗ ದಾಟಿದ ಕೂಡಲೇ ಸೀಟಿನ ಕೆಳಗೆ ನಡುಕ ಶುರುವಾಗಿ 60ರ ಹೊತ್ತಿಗೆ ಹಿಂಬದಿಯ ಕನ್ನಡಿಯಲ್ಲಿ ಏನೂ ಕಾಣದ ಸ್ಥಿತಿಗೆ ಬರುತ್ತದೆ. ಅಂಗಡಿಯವರು ಒಮ್ಮೆ ಜೋಡಿಸಿದ ಭಾಗವನ್ನು ವಾಪಸ್ ಪಡೆಯುವುದಿಲ್ಲ ಎನ್ನುತ್ತಾರೆ, ಮೆಕ್ಯಾನಿಕ್ ‘ಮಾಲೇ ಸರಿಯಿಲ್ಲ’ ಎನ್ನುತ್ತಾರೆ. ಇನ್ನೊಂದು ಕ್ರಾಸ್ ಕೊಳ್ಳುವ ಮೊದಲು ನಿಜವಾದ ಕಾರಣ ತಿಳಿದುಕೊಳ್ಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ಗ್ಯಾರೇಜಿನವ, ಕುಮಟಾ

ಮೊದಲು ಒಂದು ವಿನಂತಿ. ತೆಳ್ಳಗೆ ಮಾಡಿದ ಆ ಸರ್ಕ್ಲಿಪ್ಪಿನ ಭರವಸೆಯ ಮೇಲೆ ದಯವಿಟ್ಟು ದೇವಿಮನೆ ಇಳಿಯಬೇಡಿ. ಕ್ಲಿಪ್ ಹಾರಿದರೆ ಕಪ್ ಹೊರಬರುತ್ತದೆ, ಕಪ್ ಹೊರಬಂದರೆ ಶಾಫ್ಟ್ ಕಳಚಿ ರಸ್ತೆಗೆ ಬಡಿಯುತ್ತದೆ. ಎರಡನೇ ಗೇರಿನಲ್ಲಿ ಇಳಿಯುವಾಗ ಎಂಜಿನ್ ಗಾಡಿಯನ್ನು ತಡೆದು ಹಿಡಿಯುವುದು ಈ ಶಾಫ್ಟಿನ ಮೂಲಕವೇ ಆದ್ದರಿಂದ, ಅದು ಕಳಚಿದ ಕ್ಷಣ ಇಡೀ ಭಾರ ಕಾಲಿನ ಬ್ರೇಕಿನ ಮೇಲೆ ಬೀಳುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಚಕ್ರಗಳಿಗೆ ಇರದೆ ಗೇರ್ ಪೆಟ್ಟಿಗೆಯ ಹಿಂದೆ ಈ ಶಾಫ್ಟನ್ನೇ ಹಿಡಿಯುವಂತೆ ಇರುತ್ತದೆ. ನಿಮ್ಮದು ಅಂಥದ್ದಾಗಿದ್ದರೆ ಶಾಫ್ಟ್ ಹೋದಾಗ ಹ್ಯಾಂಡ್‌ಬ್ರೇಕ್ ಕೂಡ ಇಲ್ಲವೆಂದೇ ತಿಳಿಯಿರಿ.

ಇನ್ನು ಕಾರಣದ ಮಾತು. ಕೊನೆಯ ಕಪ್ ಒಳಗೆ ಹೋಗದಿರುವುದಕ್ಕೆ ನನ್ನ ಅನುಭವದಲ್ಲಿ ಅತಿ ಸಾಮಾನ್ಯ ಕಾರಣ ಭಾಗದ ಅಳತೆ ಅಲ್ಲವೇ ಅಲ್ಲ. ಕಪ್ಪಿನ ಒಳಗೋಡೆಗೆ ಗ್ರೀಸಿನಿಂದ ಅಂಟಿಕೊಂಡು ನಿಂತಿರುವ ಸೂಜಿಗಳಲ್ಲಿ ಒಂದು, ಸುತ್ತಿಗೆಯ ಏಟಿಗೆ ಜಾರಿ ಕಪ್ಪಿನ ತಳದಲ್ಲಿ ಅಡ್ಡ ಮಲಗುತ್ತದೆ. ಆಗ ಕ್ರಾಸಿನ ತೋಳಿನ ತುದಿ ಆ ಸೂಜಿಯ ಮೇಲೆ ನಿಲ್ಲುವುದರಿಂದ ಕಪ್ ಎರಡು ಮಿಲಿಮೀಟರಿನಷ್ಟು ಹೊರಗೇ ಉಳಿಯುತ್ತದೆ, ಜೋಡಿಸುವವರಿಗೆ ಭಾಗ ಉದ್ದವಾಗಿದೆ ಎಂದೇ ತೋರುತ್ತದೆ. ಸುತ್ತಿಗೆ ಬಿಟ್ಟು ಬೆಂಚ್ ವೈಸಿನಲ್ಲಿ ಸಾಕೆಟ್ ಇಟ್ಟು ಒತ್ತಿ, ಎದುರಿನ ಕಪ್ಪಿನೊಳಗೆ ತೋಳನ್ನು ಸ್ವಲ್ಪ ತೂರಿಸಿ ಹಿಡಿದುಕೊಂಡು ಕೂರಿಸಿದರೆ ಸೂಜಿ ಜಾರುವುದು ಅಪರೂಪ.

ಎರಡನೆಯ ಸಾಧ್ಯತೆ ಯೋಕಿನದು, ಅಂದರೆ ಕಪ್ಪುಗಳು ಕೂರುವ ಎರಡು ಕಿವಿಯ ಕವೆಯದು. ಸರ್ಕ್ಲಿಪ್ ಕೂರುವ ತೋಡಿನಲ್ಲಿ ತುಕ್ಕು, ಹಳೆಯ ಬಣ್ಣ, ಮುರಿದ ಕ್ಲಿಪ್ಪಿನ ಚೂರು ಇದ್ದರೆ ಕ್ಲಿಪ್ ಪೂರ್ತಿ ಒಳಗೆ ಹೋಗದು. ನಮ್ಮ ಕಡಲ ಬದಿಯ ಗಾಡಿಗಳಲ್ಲಿ ಉಪ್ಪುಗಾಳಿಯ ತುಕ್ಕು ಆ ತೋಡನ್ನೇ ತುಂಬಿಬಿಟ್ಟಿರುತ್ತದೆ, ಘಟ್ಟದ ಮೇಲೆ ಕೆಂಪುಮಣ್ಣು ಒಣಗಿ ಗಟ್ಟಿಯಾಗಿರುತ್ತದೆ.

ನನಗೆ ತಿಳಿಯಬೇಕಾದ ಮೂರು ಸಂಗತಿಗಳಿವೆ. ನಡುಕ ಬರುವ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿದರೆ ಅದು ನಿಲ್ಲುತ್ತದೆಯೇ? ಶಾಫ್ಟ್ ಬಿಚ್ಚುವ ಮೊದಲು ಗುರುತು ಹಾಕಿದ್ದರೇ? ಜೋಡಣೆಯ ನಂತರ ಜಾಯಿಂಟನ್ನು ಕೈಯಿಂದ ಎರಡೂ ದಿಕ್ಕಿಗೆ ಬಾಗಿಸಿ ನೋಡಿದ್ದರೇ?

ತೋಟದ ಜೀಪು, ಶಿರಸಿ

ಎಚ್ಚರಿಕೆಗೆ ಧನ್ಯವಾದ, ಜೀಪು ಈಗ ಅಂಗಳದಲ್ಲೇ ನಿಂತಿದೆ. ನ್ಯೂಟ್ರಲ್ ಮಾಡಿದರೂ ನಡುಕ ಹಾಗೆಯೇ ಇರುತ್ತದೆ, ವೇಗ ಇಳಿದಂತೆ ಮಾತ್ರ ಇಳಿಯುತ್ತದೆ. ಮೂರನೇ ಗೇರಿನಲ್ಲಿ ಹೋದರೂ ನಾಲ್ಕನೆಯದರಲ್ಲಿ ಹೋದರೂ ಅದೇ ವೇಗಕ್ಕೆ ಶುರುವಾಗುತ್ತದೆ. ಬಿಚ್ಚುವ ಮೊದಲು ಗುರುತು ಹಾಕಿದ್ದನ್ನು ನಾನು ನೋಡಲಿಲ್ಲ. ಜಾಯಿಂಟ್ ಒಂದು ದಿಕ್ಕಿಗೆ ಸಡಿಲವಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಸ್ವಲ್ಪ ಬಿಗಿ ಇದೆ.

ನಿವೃತ್ತ ಮಾಸ್ತರು, ಹೊನ್ನಾವರ

ನ್ಯೂಟ್ರಲ್‌ನಲ್ಲಿಯೂ ನಡುಕ ಉಳಿಯುತ್ತದೆ ಎಂದ ಮೇಲೆ ಎಂಜಿನ್ನನ್ನೂ ಕ್ಲಚ್ಚನ್ನೂ ಲೆಕ್ಕದಿಂದ ಬಿಡಬಹುದು. ಗೇರ್ ಬದಲಿಸಿದರೂ ರಸ್ತೆಯ ವೇಗ ಒಂದೇ ಇರುವುದರಿಂದ, ಶಾಫ್ಟ್ ಮತ್ತು ಚಕ್ರ ಎಂಬ ಎರಡೇ ಅನುಮಾನಿತರು ಉಳಿಯುತ್ತಾರೆ. ಇವೆರಡನ್ನು ಬೇರ್ಪಡಿಸಲು ಸ್ವಲ್ಪ ಗಣಿತ ಸಾಕು, ನನ್ನ ಹಳೆಯ ವೃತ್ತಿಯ ಚಟವೆಂದು ಸಹಿಸಿಕೊಳ್ಳಿ.

ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಗಾಡಿಯನ್ನು ಒಂದು ಸುತ್ತು ತಳ್ಳಿದರೆ ಸುತ್ತಳತೆ ಸಿಗುತ್ತದೆ. ಅದು 2.15 ಮೀಟರ್ ಎಂದೂ ಹಿಂದಿನ ಹೌಸಿಂಗಿನ (ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಪೆಟ್ಟಿಗೆಯ) ಕ್ರೌನ್ ಪಿನಿಯನ್ ಅನುಪಾತ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುತ್ತುಗಳು, 4.1 ಎಂದೂ ಇಟ್ಟುಕೊಳ್ಳೋಣ. 60 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 1000 ಮೀಟರ್, ಚಕ್ರ ನಿಮಿಷಕ್ಕೆ ಸುಮಾರು 465 ಸುತ್ತು, ಶಾಫ್ಟ್ ಸುಮಾರು 1900 ಸುತ್ತು. ಸೆಕೆಂಡಿನ ಲೆಕ್ಕಕ್ಕೆ ತಂದರೆ ಚಕ್ರ ಎಂಟಕ್ಕೂ ಕಡಿಮೆ, ಶಾಫ್ಟ್ ಸುಮಾರು 32. ಚಕ್ರದ ದೋಷವಾದರೆ ಗಾಡಿ ನಿಧಾನವಾಗಿ ಕುಲುಕುತ್ತದೆ. ನೀವು ಹೇಳುವ, ಕನ್ನಡಿ ಮಂಜಾಗಿಸುವಂಥ ಸಣ್ಣ ನಡುಕ ಶಾಫ್ಟಿನದೇ ಆಗಿರಬೇಕು.

ಶಾಫ್ಟಿನಲ್ಲಿಯೂ ಎರಡು ಬಗೆಯ ದೋಷಗಳುಂಟು. ಶಾಫ್ಟಿನ ಭಾರ ಒಂದು ಬದಿಗೆ ಹೆಚ್ಚಾಗಿದ್ದರೆ ಸುತ್ತಿಗೊಂದು ಸಲ ನಡುಗುತ್ತದೆ. ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲಿ ಎರಡು ಸಲ ನಡುಗುತ್ತದೆ. ಎರಡನೆಯದಕ್ಕೆ ಕಾರಣ ಈ ಜಾಯಿಂಟಿನ ಸ್ವಭಾವದಲ್ಲಿಯೇ ಇದೆ. ಓರೆಯಾಗಿ ತಿರುಗುವ ಕ್ರಾಸ್ ಜಾಯಿಂಟ್ ಒಳಬಂದ ಸಮವೇಗವನ್ನು ಸಮವಾಗಿಯೇ ಹೊರಗೆ ಕೊಡುವುದಿಲ್ಲ, ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಮುಂದಿನ ಜಾಯಿಂಟ್ ಮಾಡಿದ ಈ ಏರಿಳಿತವನ್ನು ಹಿಂದಿನ ಜಾಯಿಂಟ್ ಅಳಿಸಿಹಾಕಬೇಕಾದರೆ ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರಕ್ಕಿರಬೇಕು, ಎರಡೂ ಕಡೆಯ ಓರೆ ಸಮನಾಗಿರಬೇಕು. ನಡುವಿನ ಜಾರುವ ಸ್ಪ್ಲೈನನ್ನು (ಹಲ್ಲುಗಳಿರುವ ಜೋಡಣೆಯನ್ನು) ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ಈ ಹೊಂದಾಣಿಕೆ ಕೆಡುತ್ತದೆ. 16 ಹಲ್ಲಿನ ಸ್ಪ್ಲೈನ್ ಆದರೆ ಒಂದು ಹಲ್ಲು ಎಂದರೆ 22.5 ಡಿಗ್ರಿ, ಅದೇನೂ ಸಣ್ಣದಲ್ಲ.

ಮೊಬೈಲಿನಲ್ಲಿ ಕಂಪನ ಅಳೆಯುವ ಉಚಿತ ಆ್ಯಪ್‌ಗಳಿವೆ. ಆದರೆ ಬಹಳಷ್ಟು ಫೋನುಗಳು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಅಳೆಯುವುದರಿಂದ 50 ಹರ್ಟ್ಸ್‌ಗಿಂತ ಮೇಲಿನದನ್ನು ನಂಬುವಂತಿಲ್ಲ. ಹಾಗಾಗಿ ಅಳತೆಯನ್ನು 60ರಲ್ಲಿ ಮಾಡದೆ 40ರಲ್ಲಿ ಮಾಡಬೇಕು. ಆಗ ಸುತ್ತಿಗೊಂದರ ನಡುಕ ಸುಮಾರು 21ರಲ್ಲಿ, ಸುತ್ತಿಗೆರಡರದು ಸುಮಾರು 42ರಲ್ಲಿ ಕಾಣಬೇಕು. ಮನೆಯ ಹತ್ತಿರದ ಸಪಾಟು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿಬಂದರೆ ಸಾಕು.

ಯಲ್ಲಾಪುರ ಪಿಕಪ್

ಮಾಸ್ತರರ ಲೆಕ್ಕ ಒಪ್ಪುತ್ತೇನೆ, ಆದರೆ ಹಿಂಬದಿಯ ಸ್ಪ್ರಿಂಗ್ ಪಟ್ಟಿಗಳನ್ನೂ, ಅಂದರೆ ಪಾಟೆಯನ್ನೂ ನೋಡಿಬಿಡಿ. ಅಡಿಕೆ ಚೀಲ ಹೆಚ್ಚು ಹಾಕಲೆಂದು ನಾನು ಹಿಂದೆ ಒಂದು ಪಾಟೆ ಹೆಚ್ಚಿಗೆ ಸೇರಿಸಿದ್ದೆ. ಖಾಲಿ ಗಾಡಿಯಲ್ಲಿ ಹಿಂಬದಿ ಎತ್ತರವಾಗಿ ಶಾಫ್ಟಿನ ಓರೆ ಬದಲಾಗಿದ್ದರಿಂದ ಅರಬೈಲ್ ಘಟ್ಟ ಹತ್ತುವಾಗ ಇಲ್ಲದ ನಡುಕ ಖಾಲಿ ಇಳಿಯುವಾಗ ಬರುತ್ತಿತ್ತು. ಗೇರ್ ಪೆಟ್ಟಿಗೆಯ ಅಡಿಯ ರಬ್ಬರ್ ಕುಸಿದರೂ ಇದೇ ಆಗುತ್ತದೆ.

ಗ್ಯಾರೇಜಿನವ, ಕುಮಟಾ

ಸರಿಯಾದ ಮಾತು. ಆದರೆ ಇಲ್ಲಿ ಕ್ರಾಸ್ ಬದಲಿಸುವ ಮೊದಲು ನಡುಕ ಇರಲಿಲ್ಲ, ಬದಲಿಸಿದ ಮೇಲೆ ಬಂದಿದೆ. ಕೈ ಮುಟ್ಟಿದ ಜಾಗವನ್ನು ಮೊದಲು ನೋಡಿ ಮುಗಿಸೋಣ.

ಲೇತಿನವ, ಕಾರವಾರ

ಈ ಚರ್ಚೆಯಲ್ಲಿ ಇಷ್ಟು ಹೊತ್ತಿಗೂ ಯಾರೂ ಒಂದೇ ಒಂದು ಅಳತೆ ಬರೆದಿಲ್ಲ ಎಂಬುದು ನನಗೆ ಸೋಜಿಗ. ‘ಕೂರುತ್ತಿಲ್ಲ’ ಎಂದರೆ ಎಷ್ಟು ಕೂರುತ್ತಿಲ್ಲ? ಅರ್ಧ ಮಿಲಿಮೀಟರೋ, ಎರಡೋ? ಸೂಜಿ ಬಿದ್ದದ್ದಾದರೆ ವ್ಯತ್ಯಾಸ ಸೂಜಿಯ ದಪ್ಪದಷ್ಟೇ ಇರಬೇಕು, ಅಂದರೆ ಎರಡು ಮಿಲಿಮೀಟರಿನ ಆಸುಪಾಸು. ಅಷ್ಟಾಗಿದ್ದರೆ ಸರ್ಕ್ಲಿಪ್ಪನ್ನು ಎಷ್ಟು ಉಜ್ಜಿದರೂ ಕೂರಿಸಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಸಾಮಾನ್ಯವಾಗಿ ಕ್ಲಿಪ್ಪಿನ ಇಡೀ ದಪ್ಪವೇ ಅದಕ್ಕಿಂತ ಕಡಿಮೆ. ಉಜ್ಜಿ ಕೂರಿಸಿದ್ದಾರೆ ಎಂದ ಮೇಲೆ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ ಇರಬೇಕು, ಸೂಜಿಯ ಕಥೆ ಅಲ್ಲಿಗೆ ಬಿತ್ತು ಎಂದು ನನ್ನ ಅಭಿಪ್ರಾಯ. ಗ್ಯಾರೇಜಿನವರು ಬೇಸರಿಸಬಾರದು.

ಅಳೆಯುವ ಕ್ರಮ ಹೀಗೆ. 0.02 ಮಿಲಿಮೀಟರ್ ತೋರಿಸುವ ವರ್ನಿಯರ್ ಸಾಕು, ಮೈಕ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಯೋಕಿನ ತೋಡುಗಳನ್ನು ತಂತಿ ಬ್ರಷ್ಷಿನಿಂದಲೂ ಡೀಸೆಲಿನಿಂದಲೂ ಚೊಕ್ಕಟ ಮಾಡಿ, ಎದುರುಬದುರಿನ ಎರಡು ತೋಡುಗಳ ಹೊರಗೋಡೆಯಿಂದ ಹೊರಗೋಡೆಗೆ ಇರುವ ಅಂತರ ತೆಗೆಯಿರಿ. ಅದರಿಂದ ಎರಡು ಸರ್ಕ್ಲಿಪ್ಪುಗಳ ದಪ್ಪ ಕಳೆದರೆ ಕ್ರಾಸಿಗೆ ಸಿಗುವ ಜಾಗ ಬರುತ್ತದೆ. ಆಮೇಲೆ ಹೊಸ ಕ್ರಾಸಿಗೆ ಕಪ್ಪುಗಳನ್ನು ಹಾಕಿ, ಪೂರ್ತಿ ಒತ್ತಿ ಹಿಡಿದು, ತುದಿಯಿಂದ ತುದಿಗೆ ಎರಡೂ ಅಡ್ಡಗಳಲ್ಲಿ ಅಳೆಯಿರಿ. ಹಳೆಯ ಕ್ರಾಸನ್ನು ಅಳೆದು ಹೋಲಿಸುವವರಿದ್ದಾರೆ, ಆದರೆ ಸವೆದದ್ದರ ಅಳತೆಯನ್ನು ಮಾನದಂಡ ಮಾಡಿಕೊಳ್ಳಬಾರದು, ಯೋಕಿನ ಅಳತೆಯೇ ಮಾನದಂಡ. ಕೊನೆಯದಾಗಿ ನಾಲ್ಕೂ ಕಪ್ಪುಗಳನ್ನು ಬೇರೆಬೇರೆಯಾಗಿ ಅಳೆಯಿರಿ. ಕಪ್ಪಿನ ಹೊರಗಿನ ಎತ್ತರದಿಂದ ಒಳಗಿನ ಆಳವನ್ನು ಕಳೆದರೆ ತಳದ ದಪ್ಪ ಸಿಗುತ್ತದೆ, ಅದು ನಾಲ್ಕರಲ್ಲೂ ಒಂದೇ ಇರಬೇಕು.

ಕಪ್ಪಿನ ವ್ಯಾಸ ಹೊಂದಿತು ಎಂಬ ಮಾತ್ರಕ್ಕೆ ಭಾಗ ಸರಿಯಾದದ್ದು ಎನ್ನಲಾಗದು. ಜಗತ್ತಿನಾದ್ಯಂತ ಬಳಕೆಯಲ್ಲಿರುವ 1310 ಮತ್ತು 1330 ಎಂಬ ಎರಡು ಸರಣಿಗಳಲ್ಲಿ ಕಪ್ಪಿನ ವ್ಯಾಸ ಎರಡಕ್ಕೂ 26.99 ಮಿಲಿಮೀಟರ್, ಆದರೆ ತುದಿಯಿಂದ ತುದಿಗೆ ಉದ್ದ ಮೊದಲನೆಯದಕ್ಕೆ 81.76, ಎರಡನೆಯದಕ್ಕೆ 92.08. ಒಂದೇ ಕಪಾಟಿನಲ್ಲಿ ಇಟ್ಟರೆ ಅವಸರದಲ್ಲಿ ಯಾರೂ ಮೋಸಹೋಗಬಹುದು.

ಸರ್ಕ್ಲಿಪ್ ಉಜ್ಜುವುದು ನನಗೆ ಒಪ್ಪಿಗೆಯಾಗದ ಕೆಲಸ. ಉಜ್ಜುವಾಗ ಬಿಸಿಯಾಗಿ ಸ್ಪ್ರಿಂಗ್ ಗುಣ ಹೋಗುತ್ತದೆ, ಎರಡು ಬದಿಯ ದಪ್ಪ ಬೇರೆಬೇರೆಯಾಗಿ ಕ್ರಾಸ್ ನಡುವಿನಿಂದ ಸರಿಯುತ್ತದೆ. ಕೆಲವು ತಯಾರಕರು ಈ ಹೊಂದಾಣಿಕೆಗೆಂದೇ ಬೇರೆಬೇರೆ ದಪ್ಪದ ಕ್ಲಿಪ್ಪುಗಳನ್ನು ಕೊಡುತ್ತಾರೆ. ಇದಕ್ಕಿಂತ ಕೆಟ್ಟದ್ದು ಎಂದರೆ ಕಪ್ ಸಡಿಲವಾದಾಗ ಯೋಕಿಗೆ ವೆಲ್ಡಿಂಗಿನ ಚುಕ್ಕೆ ಹಾಕುವುದು ಅಥವಾ ತಗಡಿನ ಚೂರು ಸುತ್ತಿ ಬಡಿಯುವುದು. ವೆಲ್ಡಿಂಗಿನ ಕಾವಿಗೆ ಕಪ್ಪಿನ ಗಡಸು ಇಳಿಯುತ್ತದೆ, ಗ್ರೀಸ್ ಸೀಲ್ ಸುಡುತ್ತದೆ, ಮುಂದಿನ ಸಲ ಯೋಕ್ ಕೂಡ ಉಳಿಯುವುದಿಲ್ಲ. ಕಪ್ ಕೈಯಿಂದಲೇ ಗರಗರ ತಿರುಗುವಷ್ಟು ಯೋಕಿನ ತೂತು ದೊಡ್ಡದಾಗಿದ್ದರೆ ಯೋಕನ್ನೇ ಬದಲಿಸಬೇಕು. ಬುಷ್ ಹಾಕಿಕೊಡಿ ಎಂದು ನನ್ನ ಬಳಿಗೆ ಬರುವವರಿಗೂ ಇದನ್ನೇ ಹೇಳಿ ಕಳಿಸುತ್ತೇನೆ, ಕೆಲಸ ಕಳೆದುಕೊಂಡರೂ ಚಿಂತೆಯಿಲ್ಲ.

ಬಿಡಿಭಾಗದವ, ಅಂಕೋಲಾ

ಕೌಂಟರಿನ ಈ ಬದಿಯಿಂದಲೂ ಸ್ವಲ್ಪ ಹೇಳುತ್ತೇನೆ. ಹತ್ತು ಜನ ಬಂದರೆ ಎಂಟು ಜನ ಗಾಡಿಯ ಹೆಸರನ್ನಷ್ಟೇ ಹೇಳುತ್ತಾರೆ. ಅದೇ ಹೆಸರಿನ ಗಾಡಿಯಲ್ಲಿ ಗೇರ್ ಪೆಟ್ಟಿಗೆ ಬದಲಾದಾಗ, ಹೌಸಿಂಗ್ ಬದಲಾದಾಗ ಕ್ರಾಸಿನ ಅಳತೆಯೂ ಬದಲಾಗಿರುತ್ತದೆ. ಹಳೆಯ ಜೀಪಾದರೆ ಹಿಂದಿನ ಮಾಲೀಕರು ಬೇರೆ ಗಾಡಿಯ ಹೌಸಿಂಗನ್ನೇ ಕೂರಿಸಿರುವ ಸಂಭವವೂ ಕಡಿಮೆಯಿಲ್ಲ, ಅಂಥ ಗಾಡಿಗೆ ಆರ್‌ಸಿ ಪುಸ್ತಕ ನೋಡಿ ಭಾಗ ಕೊಡುವುದು ಕತ್ತಲಲ್ಲಿ ಕಲ್ಲು ಎಸೆದಂತೆ. ಹಳೆಯ ಭಾಗವನ್ನು ತೊಳೆಯದೇ ಇದ್ದರೂ ಪರವಾಗಿಲ್ಲ, ಜೊತೆಗೆ ತನ್ನಿ.

ಜನ ‘ಡೂಪ್ಲಿಕೇಟ್’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಸೇರಿಸಿಬಿಡುತ್ತಾರೆ. ಗಾಡಿಯ ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಮಾಲು ಒಂದು. ಆ ಕಂಪನಿಗೇ ಪೂರೈಸುವ ತಯಾರಕರು ತಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಮಾರುವುದು ಇನ್ನೊಂದು. ನನ್ನ ಮಟ್ಟಿಗೆ ಬೆಲೆಗೂ ಬಾಳಿಕೆಗೂ ಇದೇ ಸರಿ. ಸ್ವಂತ ಹೆಸರಿನಲ್ಲಿ ಸ್ವತಂತ್ರವಾಗಿ ತಯಾರಿಸುವವರದ್ದು ಮೂರನೆಯದು, ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಬೇರೆಯವರ ಪೆಟ್ಟಿಗೆಯನ್ನೇ ನಕಲು ಮಾಡಿದ್ದಕ್ಕೆ ಮಾತ್ರ ಡೂಪ್ಲಿಕೇಟ್ ಎನ್ನಬೇಕು. ಪೆಟ್ಟಿಗೆಯ ಮೇಲಿನ ಭಾಗದ ಸಂಖ್ಯೆಗೂ ಕ್ರಾಸಿನ ಮೈಮೇಲಿನ ಗುರುತಿಗೂ ತಾಳೆಯಾಗುತ್ತದೆಯೇ, ನಾಲ್ಕು ಕಪ್ಪುಗಳ ತಲೆಯ ಮೇಲೆ ಒಂದೇ ಬಗೆಯ ಅಚ್ಚು ಇದೆಯೇ, ಇಷ್ಟನ್ನು ಅಂಗಡಿಯಲ್ಲೇ ನಿಂತು ನೋಡಬಹುದು.

ವಾಪಸಾತಿಯ ವಿಷಯದಲ್ಲಿ ಅಂಗಡಿಯವರ ಕಷ್ಟವೂ ಇದೆ. ಸುತ್ತಿಗೆಯ ಏಟು ಬಿದ್ದ ಕಪ್ಪನ್ನು ವಿತರಕರು ನಮ್ಮಿಂದ ಪಡೆಯುವುದಿಲ್ಲ. ಆದರೆ ಅಳತೆಯೇ ತಪ್ಪಿದೆ ಎಂಬುದನ್ನು ವರ್ನಿಯರ್ ಹಿಡಿದು ತೋರಿಸಿದರೆ, ಜಿಎಸ್‌ಟಿ ಬಿಲ್ ಇದ್ದರೆ, ಒಪ್ಪದೇ ಇರುವುದು ನ್ಯಾಯವಲ್ಲ.

ಅಕ್ಕೋರು, ಸದಾಶಿವಗಡ

ವಿಷಯಕ್ಕೆ ಹತ್ತಿರದ ಪ್ರಶ್ನೆಯಾದ್ದರಿಂದ ಇಲ್ಲಿಯೇ ಕೇಳುತ್ತೇನೆ. ನಮ್ಮದು ಮುಂದಿನ ಚಕ್ರಕ್ಕೆ ಚಾಲನೆ ಇರುವ ಸಣ್ಣ ಕಾರು. ಎಡಬದಿಯ ಆಕ್ಸಲ್‌ನ ಜಾಯಿಂಟ್ ಹೋಗಿದ್ದರಿಂದ ಬೇರೆ ತಯಾರಿಕೆಯ ಇಡೀ ಆಕ್ಸಲ್ ಹಾಕಿಸಿದೆವು. ಸ್ಪ್ಲೈನ್ ಸಲೀಸಾಗಿ ಹೊಂದಿತು, ಕಾರು ಸರಿಯಾಗಿಯೇ ಓಡುತ್ತದೆ. ಆದರೆ ಗೇರ್ ಪೆಟ್ಟಿಗೆಯ ಬಳಿ ಎಣ್ಣೆ ಒಸರುತ್ತಿದೆ, ಎಣ್ಣೆ ಸೀಲನ್ನು ಹೊಸದು ಹಾಕಿದರೂ ನಿಲ್ಲಲಿಲ್ಲ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತಿಕೊಂಡಿದೆ. ಇವೆರಡಕ್ಕೂ ಆಕ್ಸಲ್ಲೇ ಕಾರಣವಿರಬಹುದೇ?

ಗ್ಯಾರೇಜಿನವ, ಕುಮಟಾ

ಅಕ್ಕೋರೇ, ಇರಬಹುದು, ಎರಡಕ್ಕೂ ಬೇರೆಬೇರೆ ಬಗೆಯಲ್ಲಿ. ಸೀಲಿನ ತುಟಿ ತಿರುಗುವುದು ಆಕ್ಸಲ್ಲಿನ ಒಳತುದಿಯಲ್ಲಿರುವ ನುಣುಪಾದ ಪಟ್ಟಿಯ ಮೇಲೆ. ಹಲ್ಲುಗಳ ಸಂಖ್ಯೆ ಸರಿಯಿದ್ದೂ ಆ ಪಟ್ಟಿಯ ವ್ಯಾಸ ಕಡಿಮೆಯಿದ್ದರೆ ಅಥವಾ ಮೇಲ್ಮೈ ಒರಟಾಗಿದ್ದರೆ ಎಷ್ಟು ಸೀಲ್ ಬದಲಿಸಿದರೂ ಎಣ್ಣೆ ನಿಲ್ಲದು. ಹಳೆಯ ಆಕ್ಸಲ್ ನಿಮ್ಮ ಬಳಿ ಉಳಿದಿದ್ದರೆ ಅದೇ ಜಾಗದ ವ್ಯಾಸವನ್ನು ಎರಡರಲ್ಲೂ ಅಳೆಯಿಸಿ. ಒಳತುದಿಯ ಕ್ಲಿಪ್ ಗೇರ್ ಪೆಟ್ಟಿಗೆಯೊಳಗೆ ಪೂರ್ತಿ ಸಿಕ್ಕಿಕೊಳ್ಳದೆ ಆಕ್ಸಲ್ ಕೆಲವು ಮಿಲಿಮೀಟರ್ ಹೊರಗೇ ನಿಂತಿದ್ದರೂ ಸೀಲ್ ತಪ್ಪು ಜಾಗದಲ್ಲಿ ಕೂರುತ್ತದೆ. ಇದನ್ನು ಪರೀಕ್ಷಿಸಲು ಒಳಜಾಯಿಂಟಿನ ಬಟ್ಟಲನ್ನು ಹಿಡಿದು ಎಳೆಯಬೇಕು, ನಡುವಿನ ಸರಳನ್ನು ಎಳೆದರೆ ಜಾಯಿಂಟ್ ತನ್ನ ರಬ್ಬರ್ ಬೂಟಿನೊಳಗೇ ಕಳಚಿಕೊಳ್ಳುತ್ತದೆ. ಗೇರ್ ಪೆಟ್ಟಿಗೆಯ ಉಸಿರುಗೊಳವೆ ಕಟ್ಟಿದ್ದರೂ ಒಳಗಿನ ಒತ್ತಡಕ್ಕೆ ಎಣ್ಣೆ ಸೀಲಿನಲ್ಲಿ ಒಸರುವುದುಂಟು, ಅದನ್ನೊಮ್ಮೆ ನೋಡಿ.

ಎಬಿಎಸ್ ದೀಪಕ್ಕೆ ಹೊರಜಾಯಿಂಟಿನ ಮೇಲಿನ ಹಲ್ಲುಬಳೆಯನ್ನು ಎಣಿಸಿ. ಕೆಲವು ಕಾರುಗಳಲ್ಲಿ ಚಕ್ರದ ವೇಗವನ್ನು ಸೆನ್ಸರ್ ಆ ಬಳೆಯಿಂದಲೇ ಓದುತ್ತದೆ. ಎಬಿಎಸ್ ಇಲ್ಲದ ಮಾದರಿಯ ಆಕ್ಸಲ್ ಬಂದಿದ್ದರೆ ಬಳೆಯೇ ಇರುವುದಿಲ್ಲ, ಬೇರೆ ಮಾದರಿಯದಾದರೆ ಹಲ್ಲುಗಳ ಸಂಖ್ಯೆ ಬಲಬದಿಗಿಂತ ಭಿನ್ನವಾಗಿರುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಅದು ಜೋಡಣೆಯ ತಪ್ಪಲ್ಲ, ತಪ್ಪು ಭಾಗ. ಬಿಲ್ ಹಿಡಿದು ವಾಪಸ್ ಕೇಳಬಹುದು.

ತೋಟದ ಜೀಪು, ಶಿರಸಿ

ಮಾಸ್ತರು ಹೇಳಿದಂತೆ 40ರ ವೇಗದಲ್ಲಿ ಅಳೆದಾಗ 21, 22ರ ಬಳಿ ಒಂದು ಸ್ಪಷ್ಟವಾದ ಶಿಖರ ಕಂಡಿತು, 42ರ ಬಳಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಎರಡು ತುದಿಯ ಯೋಕುಗಳು ಒಂದೇ ನೇರಕ್ಕಿರುವುದು ಕಣ್ಣಿಗೂ ಕಾಣುತ್ತದೆ. ಆಮೇಲೆ ಊರಿನ ಬೇರೊಬ್ಬ ಮೆಕ್ಯಾನಿಕ್ ಜೊತೆ ಕುಳಿತು ಶಾಫ್ಟ್ ಬಿಚ್ಚಿಸಿದೆ, ಈ ಬಾರಿ ಬಿಚ್ಚುವ ಮೊದಲೇ ಎಲ್ಲ ಜೋಡಣೆಗಳ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೇವೆ. ಲೇತಿನವರು ಕೇಳಿದ ಅಳತೆಗಳು ಇಲ್ಲಿವೆ.

ಹೌಸಿಂಗ್ ಬದಿಯ ಯೋಕಿನಲ್ಲಿ ತೋಡಿನ ಹೊರಗೋಡೆಯಿಂದ ಹೊರಗೋಡೆಗೆ 84.78 ಮಿಲಿಮೀಟರ್, ಸರ್ಕ್ಲಿಪ್ ದಪ್ಪ 1.50, ಅಂದರೆ ಕ್ರಾಸಿಗೆ ಸಿಗುವ ಜಾಗ 81.78. ಹೊಸ ಕ್ರಾಸ್ ಒಂದು ಅಡ್ಡದಲ್ಲಿ 81.76 ಇದೆ, ಇನ್ನೊಂದು ಅಡ್ಡದಲ್ಲಿ 82.46. ಉಜ್ಜಿದ ಕ್ಲಿಪ್ಪಿನ ದಪ್ಪ 0.80. ಯಾವ ಸೂಜಿಯೂ ಬಿದ್ದಿರಲಿಲ್ಲ, ತೋಡುಗಳೂ ಚೊಕ್ಕಟವಾಗಿದ್ದವು. ಕಪ್ಪುಗಳ ತಳ ಅಳೆದಾಗ ಮೂರು ಒಂದೇ ಸಮ ಇದ್ದವು, ಒಂದು ಮಾತ್ರ 0.70 ಮಿಲಿಮೀಟರ್ ಹೆಚ್ಚು ದಪ್ಪವಾಗಿತ್ತು. ಆ ಒಂದರ ತಲೆಯ ಮೇಲಿನ ಅಚ್ಚು ಕೂಡ ಬೇರೆ. ಅಂಕೋಲಾದವರ ಮಾತು ಓದಿದ ಮೇಲೆ ಗಮನಿಸಿದ್ದು.

ಲೇತಿನವ, ಕಾರವಾರ

ಉತ್ತರ ಸಿಕ್ಕಿತಲ್ಲ ಮಾರಾಯರೇ. ಕ್ರಾಸ್ ಸರಿಯಿದೆ, ಪೆಟ್ಟಿಗೆಯಲ್ಲಿ ಬೇರೆ ಅಳತೆಯ ಕಪ್ಪೊಂದು ಬೆರೆತಿದೆ. ಒಂದು ಪ್ರಶ್ನೆ ಉಳಿಯಿತು: ಉಜ್ಜಿದ ಕ್ಲಿಪ್ ಯಾವ ಬದಿಯಲ್ಲಿತ್ತು? ದಪ್ಪ ಕಪ್ಪಿನ ಬದಿಯಲ್ಲಿಯೇ ಇದ್ದಿದ್ದರೆ ಹೆಚ್ಚಿನ ದಪ್ಪ ಹೊರಕ್ಕೆ ಹೋಗಿ, ಕ್ರಾಸ್ ಆಕಸ್ಮಿಕವಾಗಿ ನಡುವಿನಲ್ಲಿಯೇ ನಿಲ್ಲುತ್ತಿತ್ತು, ನಡುಕ ಬರುತ್ತಿರಲಿಲ್ಲ.

ತೋಟದ ಜೀಪು, ಶಿರಸಿ

ಎದುರು ಬದಿಯಲ್ಲಿತ್ತು. ದಪ್ಪ ಕಪ್ಪನ್ನು ಮೊದಲೇ ಬಡಿದು ಅದಕ್ಕೆ ಸರಿಯಾದ ಕ್ಲಿಪ್ ಹಾಕಿದ್ದರು, ಕೊನೆಗೆ ಉಳಿದದ್ದು ಒಳ್ಳೆಯ ಕಪ್. ಕ್ಲಿಪ್ ಹಿಡಿಯದೇ ಹೋದದ್ದು ಅದಕ್ಕೆ.

ನಿವೃತ್ತ ಮಾಸ್ತರು, ಹೊನ್ನಾವರ

ಹಾಗಾದರೆ ಶಾಫ್ಟಿನ ಹಿಂದಿನ ತುದಿ ತಿರುಗುವ ನಡುವಿನಿಂದ 0.70 ಮಿಲಿಮೀಟರ್ ಸರಿದಿತ್ತು ಎಂದಾಯಿತು. ಕೇಳಲು ಏನೂ ಅಲ್ಲವೆನಿಸುತ್ತದೆ. ಶಾಫ್ಟಿನ ತೂಕ ಎಂಟು ಕಿಲೋ ಎಂದು ಹಿಡಿದು ಅದರ ಅರ್ಧ ಈ ತುದಿಗೆ ಬರುತ್ತದೆ ಎಂದುಕೊಂಡರೆ, ನಾಲ್ಕು ಕಿಲೋ ಭಾರ 0.70 ಮಿಲಿಮೀಟರ್ ಓರೆಯಾಗಿ ಸುತ್ತುತ್ತಿದೆ. 40 ಮಿಲಿಮೀಟರ್ ತ್ರಿಜ್ಯದ ಕೊಳವೆಯ ಮೈಗೆ 70 ಗ್ರಾಮ್ ತೂಕ ಅಂಟಿಸಿದರೂ ಪರಿಣಾಮ ಇಷ್ಟೇ. ನಿಮಿಷಕ್ಕೆ 1900 ಸುತ್ತಿನಲ್ಲಿ ಅದು ಸುಮಾರು 110 ನ್ಯೂಟನ್ ಬಲವಾಗುತ್ತದೆ, ಹನ್ನೊಂದು ಕಿಲೋ ತೂಕವನ್ನು ಸೆಕೆಂಡಿಗೆ 32 ಸಲ ಸುತ್ತಲೂ ತೂಗಿದಷ್ಟು. ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 30ರಲ್ಲಿ ಗೊತ್ತೇ ಆಗದ್ದು 60ರಲ್ಲಿ ನಾಲ್ಕು ಪಟ್ಟಾಗುತ್ತದೆ. ನಡುಕ 45ರ ನಂತರವೇ ಎದ್ದು ಕಾಣುವುದು ಇದರಿಂದ. ಹುಬ್ಬಳ್ಳಿಗೆ ಒಯ್ದು ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿಸುವ ಸಲಹೆ ಯಾರಾದರೂ ಕೊಟ್ಟಿದ್ದರೆ ಈಗ ಅದರ ಅಗತ್ಯ ಕಾಣದು, ಮೊದಲು ಕ್ರಾಸ್ ನಡುವಿಗೆ ಬರಲಿ.

ಬಿಡಿಭಾಗದವ, ಅಂಕೋಲಾ

ಆ ಬೆರಕೆ ಕಪ್ಪಿನ ಮತ್ತು ಉಳಿದ ಮೂರರ ಫೋಟೋವನ್ನು ವರ್ನಿಯರ್ ಕಾಣುವಂತೆ ತೆಗೆದು ಬಿಲ್ಲಿನ ಜೊತೆ ನಿಮ್ಮ ಅಂಗಡಿಯವರಿಗೆ ಕೊಡಿ. ಅಚ್ಚು ಬೇರೆ ಇದೆ ಎಂದ ಮೇಲೆ ವಿತರಕರಿಗೂ ವಾದಕ್ಕೆ ಜಾಗವಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದಕ್ಕೂ ಮೇಲೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, ಒಂದು ಕ್ರಾಸಿನ ಬೆಲೆಗೆ ಅಲ್ಲಿಯ ತನಕ ಯಾರೂ ಹೋಗಲಿಕ್ಕಿಲ್ಲ. ಹೊಸದನ್ನು ಪಡೆಯುವಾಗ ಪೆಟ್ಟಿಗೆ ಅಂಗಡಿಯಲ್ಲೇ ಬಿಚ್ಚಿ ನಾಲ್ಕೂ ಕಪ್ ನೋಡಿಕೊಳ್ಳಿ.

ತೋಟದ ಜೀಪು, ಶಿರಸಿ

ಅಂಗಡಿಯವರು ಅಳತೆ ನೋಡಿ ತಕರಾರಿಲ್ಲದೆ ಹಣ ಮರಳಿಸಿದರು. ವ್ಯತ್ಯಾಸದ ಹಣ ಸೇರಿಸಿ, ಗಾಡಿ ಕಂಪನಿಗೇ ಪೂರೈಸುವ ತಯಾರಕರ ಕ್ರಾಸ್ ತಂದು ವೈಸಿನಲ್ಲಿ ಒತ್ತಿ ಕೂರಿಸಿದೆವು. ನಾಲ್ಕೂ ಕ್ಲಿಪ್ಪುಗಳು ಉಜ್ಜದೆಯೇ ಕೂತವು. ಕೂರಿಸಿದ ಕೂಡಲೇ ಜಾಯಿಂಟ್ ಸ್ವಲ್ಪ ಬಿಗಿಯಿತ್ತು, ಯೋಕಿನ ಕಿವಿಗಳಿಗೆ ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕಪ್ಪುಗಳು ಹೊರಗೆ ಸರಿದು ಕ್ಲಿಪ್ಪಿಗೆ ತಾಗಿ ನಿಂತವು, ಎರಡೂ ದಿಕ್ಕಿಗೆ ಒಂದೇ ಸಮ ಬಾಗುತ್ತದೆ. ನಡುಕ ಹೋಗಿದೆ. ಇನ್ನು ಉಳಿದದ್ದು ಮುಂಬದಿಯ ಜಾಯಿಂಟ್, ಅದಿನ್ನೂ ಹಳೆಯದೇ. ಅದನ್ನೂ ಬದಲಿಸಿಬಿಡಬೇಕೇ?

ಗ್ಯಾರೇಜಿನವ, ಕುಮಟಾ

ಹಿಂದಿನದು ಹೋಯಿತೆಂದು ಮುಂದಿನದನ್ನೂ ಕಣ್ಣುಮುಚ್ಚಿ ಬದಲಿಸುವವನು ನಾನಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಜಾಯಿಂಟಿನ ಎರಡೂ ಬದಿಯ ಯೋಕುಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ ನೋಡಿ, ಮೇಲೆ ಕೆಳಗೆ ಎತ್ತಿಯೂ ನೋಡಿ. ಶಾಫ್ಟನ್ನು ಒಟ್ಟಾಗಿ ತಿರುಗಿಸಿದಾಗ ಸಿಗುವ ಸಡಿಲ ಕ್ರೌನ್ ಪಿನಿಯನ್ನಿನ ಹಲ್ಲುಗಳ ನಡುವಿನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಯೋಕುಗಳ ನಡುವೆಯೇ ಆಟ ಕಂಡರೆ ಮಾತ್ರ ಬದಲಿಸಿ.

ಆಟ ಇಲ್ಲದಿದ್ದರೆ ನಿಪ್ಪಲಿಗೆ ಗ್ರೀಸ್ ಗನ್ ಹಿಡಿದು, ನಾಲ್ಕೂ ಕಪ್ಪುಗಳ ಸೀಲಿನಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಿ. ಲಿಥಿಯಂ ಆಧಾರದ ಇಪಿ-2 ದರ್ಜೆಯ ಗ್ರೀಸ್ ಆಗುತ್ತದೆ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಒಳದಾರಿ ಕಟ್ಟಿದೆ ಎಂದರ್ಥ, ಆ ಕಪ್ಪನ್ನು ಬಿಚ್ಚಿಯೇ ನೋಡಬೇಕು. ಹಿಂದಿನ ಜಾಯಿಂಟಿನ ಫ್ಲ್ಯಾಂಜಿನ ನಟ್ಟುಗಳನ್ನು ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಕೊಳ್ಳಿ.

ತೋಟದ ಜೀಪು, ಶಿರಸಿ

ಆಟ ಇಲ್ಲ. ಆದರೆ ಗ್ರೀಸ್ ಮೂರು ಸೀಲುಗಳಿಂದ ಮಾತ್ರ ಬಂತು, ಅದರಲ್ಲೂ ಒಂದರಿಂದ ತುಕ್ಕಿನ ಬಣ್ಣದ ನೀರು ಸೇರಿಯೇ ಬಂತು. ನಾಲ್ಕನೆಯ ಕಪ್ ಬಿಚ್ಚಿ, ಅದೇ ಹೊತ್ತಿಗೆ ಮುಂಬದಿಯ ಯೋಕನ್ನೂ ಅಳೆದು, ಅಳತೆಗಳನ್ನು ಇಲ್ಲಿಯೇ ಬರೆಯುತ್ತೇನೆ.